ಹೊಂಗೆಮರದಡಿಯ ಬಸ್ಸಾರು

ಒಂದು ವರ್ಷ, ದಿನಕ್ಕೆ ಎರಡು ಹೊತ್ತು, ಪುಕ್ಕಟೆ ಊಟ. ಬದಲಿಗೆ ನಾಲ್ಕು ಒಳ್ಳೆಯ ಮಾತು. ಒಬ್ಬ ಹೋಟೆಲಿನವನು ಸಂಪಂಗಿಯ ಮುಂದೆ ಇಟ್ಟ ಒಪ್ಪಂದ ಇಷ್ಟೇ.

ಸಂಪಂಗಿ ಬಸೆಟ್ಟಪ್ಪನವರ ಮಂಡಿಯಲ್ಲಿ ವ್ಯಾಪಾರ ಕಲಿಯುತ್ತಿದ್ದ. ಆ ಮಂಡಿಯಲ್ಲಿ ಕಲಿತವರೆಲ್ಲ ಬಸೆಟ್ಟಪ್ಪನವರನ್ನು ಗುರುಗಳೇ ಎಂದೇ ಕರೆಯುತ್ತಿದ್ದರು. ಬಿಡುವಿನಲ್ಲಿ ಊರು ಸುತ್ತಿ, ಸಣ್ಣಪುಟ್ಟ ಹೋಟೆಲುಗಳಲ್ಲಿ ಉಂಡು, ಚೆನ್ನಾಗಿದ್ದದ್ದನ್ನು ಫೋನಿನಲ್ಲಿ ನಾಲ್ಕು ಜನಕ್ಕೆ ತಿಳಿಸುವುದು ಸಂಪಂಗಿಯ ಅಭ್ಯಾಸ. ನಾಲ್ಕು ಜನ ನಾಲ್ಕು ಸಾವಿರವಾಗಿದ್ದರು. ಅವನು ಹೇಳಿದ ಕಡೆ ಮರುದಿನ ಕೂರಲು ಜಾಗ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವನು ಕೇಳಿದ:

"ಗುರುಗಳೇ, ಬೈಪಾಸಿನ ಪಕ್ಕ ಒಂದು ಹೋಟೆಲು ಕಂಡುಹಿಡಿದಿದ್ದೇನೆ. ಅದರ ಯಜಮಾನ ಒಂದು ವರ್ಷ ಪುಕ್ಕಟೆ ಊಟ ಹಾಕುತ್ತೇನೆ ಎನ್ನುತ್ತಾನೆ. ನಾನು ಹೊಗಳಬೇಕು. ಊಟವೇನೋ ನಿಜವಾಗಿಯೂ ಚೆನ್ನಾಗಿದೆ. ಚೆನ್ನಾಗಿರುವುದನ್ನು ಉಂಡು ಚೆನ್ನಾಗಿದೆ ಎಂದರೆ ತಪ್ಪೇನು?"

ಬಸೆಟ್ಟಪ್ಪನವರು ತಕ್ಕಡಿ ಒರೆಸುತ್ತಿದ್ದರು. ಬಟ್ಟೆಯನ್ನು ಕೆಳಗಿಟ್ಟರು.

"ಕಂಡುಹಿಡಿದೆಯಾ? ನೀನು ಹೋಗುವ ಮೊದಲು ಅಲ್ಲಿ ಎಲೆ ಮುಂದೆ ಕೂತಿದ್ದವರು ಯಾರಪ್ಪ, ಕಂಬಗಳೋ?"

ಸಂಪಂಗಿ ತಲೆ ತಗ್ಗಿಸಿದ. ಆದರೂ ಅವನ ಪ್ರಶ್ನೆ ಹಾಗೆಯೇ ನಿಂತಿತ್ತು. ಉತ್ತರ ಇವತ್ತೇ ಬೇಕಾಗಿತ್ತು. ಹೋಟೆಲಿನವನು ಸಂಜೆಗೆ ಬರುವವನಿದ್ದ. ಗುರುಗಳು ಸಂಪಂಗಿಯನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ರುಚಿ ನೋಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಬೆಲ್ಲ ಯಾವ ಗಾಣದ್ದು, ಪಾಕ ಎಷ್ಟು ಹೊತ್ತು ಕಾದಿದೆ, ಎಲ್ಲ ಹೇಳುತ್ತಿದ್ದ. ಮಾರುವವರು ಒಳ್ಳೆಯ ಅಚ್ಚುಗಳನ್ನು ಮೂಟೆಯ ಬಾಯಲ್ಲಿ ಜೋಡಿಸುವುದು ಎಲ್ಲ ಕಡೆ ಇದ್ದದ್ದೇ. ಅವನು ಆ ಅಚ್ಚುಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈ ಮಟ್ಟ ಕೈ ಇಳಿಸಿ, ಮೂಟೆಯ ತಳದಿಂದ ಒಂದನ್ನು ಎತ್ತಿ, ಅದರ ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆಯೇ ಬೆಲೆಯ ಮಾತು.

ಅದೇ ನಾಲಿಗೆಯನ್ನು ಅವನು ಊಟಕ್ಕೂ ಬಳಸುತ್ತಿದ್ದ. ವಸೂಲಿಗೆ ಊರು ಸುತ್ತುವಾಗ ಹಸಿವಾದ ಕಡೆ ಕೂತು, ಎಲ್ಲರ ಸಾಲಿನಲ್ಲಿ ಉಂಡು, ದುಡ್ಡು ಕೊಟ್ಟು ಎದ್ದು ಬರುತ್ತಿದ್ದ. ಸಂಜೆ ಮಂಡಿಯ ಜಗಲಿಯಲ್ಲಿ ಹೇಳುತ್ತಿದ್ದ. ಕೋಟೆ ಬಾಗಿಲಲ್ಲಿ ಒಬ್ಬ ಖಾಲಿ ದೋಸೆ ಹಾಕುತ್ತಾನೆ, ಬಿಸಿಲೇರುವ ಮೊದಲೇ ಹೋಗಿ, ಆಮೇಲೆ ಹಿಟ್ಟು ಹುಳಿಯಾಗುತ್ತದೆ. ಕುಂಬಾರ ಬೀದಿಯಲ್ಲಿ ಅಣ್ಣತಮ್ಮ ಇಬ್ಬರೂ ಆಂಬೊಡೆ ಕರಿಯುತ್ತಾರೆ. ತಮ್ಮನೇ ಬಾಣಲೆ ಮುಂದೆ ಇದ್ದ ದಿನ ಮಾತ್ರ ತಿನ್ನಿ, ಅಣ್ಣನಿಗೆ ಆತುರ ಹೆಚ್ಚು. ಜನ ಹೋಗುತ್ತಿದ್ದರು, ತಿಂದು ಬಂದು ನಗುತ್ತಿದ್ದರು. ಅವನ ಮಾತಿಗೆ ಮುದ್ರೆಯೊತ್ತಿದ ತೂಕದ ಕಲ್ಲಿನ ಬೆಲೆ ಇತ್ತು. ಯಾರೂ ಅದನ್ನು ಮತ್ತೆ ತೂಗಿ ನೋಡುತ್ತಿರಲಿಲ್ಲ.

ಒಂದು ದಿನ ಹಮಾಲಿಗಳು ಅವನಿಗೆ ಹೇಳಿದರು: "ಸಾವ್ಕಾರ್ರೇ, ಗಾಡಿ ನಿಲ್ಲುವ ಬಯಲಿನ ಹಿಂದೆ ಹೊಂಗೆಮರದ ಕೆಳಗೆ ಒಬ್ಬ ಅಜ್ಜಿ ಮುದ್ದೆ, ಬಸ್ಸಾರು ಮಾಡುತ್ತಾಳೆ. ನೀವು ಇನ್ನೂ ಅಲ್ಲಿ ಉಂಡಿಲ್ಲವಾ? ಹಾಗಾದರೆ ನೀವು ಈ ಊರಿನವರೇ ಅಲ್ಲ ಬಿಡಿ!"

ಆ ಅಜ್ಜಿಯದು ಒಂದೇ ಪಾತ್ರೆ, ಒಂದೇ ಸಾರು. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿನ ನೀರಿಗೆ ಖಾರ ಅರೆದು ಬೆರೆಸಿ, ಒಂದಿಷ್ಟು ಕಾಳನ್ನೂ ಬಿಡುತ್ತಿದ್ದಳು. ಜನ ಹೆಚ್ಚಾದರೆಂದು ಒಂದು ಲೋಟ ನೀರು ಸೇರಿಸಿದವಳಲ್ಲ. ಮುಗಿದರೆ, "ಆಯ್ತು ಕಣಪ್ಪ, ನಾಳೆ ಬಾ" ಎಂದು ಪಾತ್ರೆ ಬೋರಲು ಹಾಕುತ್ತಿದ್ದಳು. ಸಂತೆಗೆ ಬರುವ ಹಳ್ಳಿಯವರು, ಅಂಗಡಿ ಗುಮಾಸ್ತರು, ಹಮಾಲಿಗಳು, ಎಲ್ಲರೂ ಅಲ್ಲಿ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದರು.

ವ್ಯಾಪಾರಿ ಅಲ್ಲಿಗೇ ಹೊರಟ. ಬಯಲಿನ ಅಂಚಿಗೆ ಒಂದು ದೊಡ್ಡ ಹೋಟೆಲಿತ್ತು. ಅದರ ಯಜಮಾನನಿಗೆ ಇವನು ಯಾರು, ಎಲ್ಲಿಗೆ ಹೊರಟಿದ್ದಾನೆ, ಎರಡೂ ಗೊತ್ತಿತ್ತು. ಅವನು ಬಾಗಿಲಿಗೆ ಬಂದು ಕೈಮುಗಿದ.

"ಈ ಬಿಸಿಲಲ್ಲಿ ಅಲ್ಲಿಗ್ಯಾಕೆ ಸ್ವಾಮಿ? ಕೂರಲು ಒಂದು ಮಣೆ ಸಹ ಇಲ್ಲ. ನಮ್ಮಲ್ಲೂ ಬಸ್ಸಾರಿದೆ. ಒಳಗೆ ಬನ್ನಿ, ಉಣ್ಣಿ. ದುಡ್ಡಿನ ಮಾತು ಬೇಡ. ಹಿಡಿಸಿದರೆ ನಾಲ್ಕು ಜನಕ್ಕೆ ಹೇಳಿ, ಹಿಡಿಸದಿದ್ದರೆ ಉಗಿದು ಹೋಗಿ."

ವ್ಯಾಪಾರಿ ಯೋಚಿಸಿದ. ಇದರಲ್ಲಿ ನನ್ನ ಕೈ ಕಟ್ಟುವಂಥದ್ದೇನೂ ಇಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ. ಉಂಡ ಅನ್ನಕ್ಕೆ ನನ್ನ ನಾಲಿಗೆ ಮಾರಿಕೊಳ್ಳುವವನಲ್ಲ ನಾನು.

ಒಳಕೋಣೆಯಲ್ಲಿ ಎಲೆ ಹಾಕಿದರು. ಒಂದು ಸಣ್ಣ ಪಾತ್ರೆಯಿಂದ ಬಸ್ಸಾರು ಬಡಿಸಿದರು. ಮುದ್ದೆಯ ಒಂದು ತುತ್ತು ಅದ್ದಿ ನುಂಗಿದ ಕೂಡಲೇ ಅವನಿಗೆ ಗೊತ್ತಾಯಿತು. ಇಂಥ ಸಾರನ್ನು ಅವನು ಯಾವ ಬೀದಿಯಲ್ಲೂ ಉಂಡಿರಲಿಲ್ಲ. ಇಷ್ಟು ಒಳ್ಳೆಯದು ನೆರಳಿನಲ್ಲೇ ಸಿಗುವಾಗ ಬಿಸಿಲಲ್ಲಿ ಆ ಮರದ ತನಕ ಏಕೆ ಹೋಗಬೇಕು? ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ, ಅದೇ ಒಳಕೋಣೆಯಲ್ಲಿ ಪುಕ್ಕಟೆ ಉಂಡ.

ಸಂಜೆ ಜಗಲಿಯಲ್ಲಿ ಹೇಳಿದ: "ಬಸ್ಸಾರು ಅಂದರೆ ಬಯಲಂಚಿನ ಹೋಟೆಲಿನದು. ಊರಲ್ಲಿ ಇನ್ನೊಂದಿಲ್ಲ." ಅವನು ನಂಬಿದ್ದನ್ನೇ ಹೇಳಿದ.

ಜನ ಹೋದರು. ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ದೊಡ್ಡ ಹಂಡೆಯಿಂದ ಬಡಿಸಿದರು. ಉಂಡವರಿಗೆ ಸಾರು ತೆಳು ಎನಿಸಿತು. ಆದರೆ ಅಷ್ಟು ತಿಳಿದವನು ಹೊಗಳಿದ್ದಾನೆ, ಕೆಟ್ಟಿರುವುದು ನನ್ನ ಬಾಯಿಯೇ ಇರಬೇಕು ಎಂದುಕೊಂಡು ದುಡ್ಡು ಕೊಟ್ಟು ಎದ್ದರು. ಬೇರೆಯವರು ಕೇಳಿದರೆ ಅವರೂ ಹೊಗಳಿದರು; ಹೊಗಳದಿದ್ದರೆ ದಡ್ಡರಾಗುವುದಿಲ್ಲವೇ?

ಇಲ್ಲಿಗೆ ಬಂದಾಗ ಬಸೆಟ್ಟಪ್ಪನವರ ದನಿ ಏರಿತು. "ಇದನ್ನು ಕೇಳು ಸಂಪಂಗಿ. ಕಳ್ಳ ಮನೆಗೆ ನುಗ್ಗಿದರೆ ಬೀಗ ಒಡೆದು ಹೋಗುತ್ತಾನೆ. ನಾಳೆ ಹೊಸ ಬೀಗ ಹಾಕಬಹುದು. ಇಲ್ಲಿ ಮನುಷ್ಯ ತನ್ನ ಬಾಯನ್ನೇ ನಂಬದ ಹಾಗೆ ಮಾಡಿದರಲ್ಲ, ಅದಕ್ಕೆ ಎಲ್ಲಿಂದ ಬೀಗ ತರುತ್ತೀಯ?" ಸ್ವಲ್ಪ ನೀರು ಕುಡಿದು ಮುಂದುವರಿಸಿದರು.

ಒಬ್ಬ ಹಮಾಲಿ ಮಾತ್ರ ಸುಮ್ಮನಾಗಲಿಲ್ಲ. ಊರಿನಿಂದ ಬಂದ ತನ್ನ ಭಾವನನ್ನು ಆ ಹೋಟೆಲಿಗೆ ಕರೆದುಕೊಂಡು ಹೋಗಿ ನಗೆಪಾಟಲಾಗಿದ್ದ. ಅವನು ನೇರವಾಗಿ ವ್ಯಾಪಾರಿಯ ಅಂಗಡಿಗೆ ಬಂದ.

"ಸಾವ್ಕಾರ್ರೇ, ನೀವು ಹೊಗಳಿದ ಸಾರು ಉಂಡೆ. ಅದರಲ್ಲಿ ಒಂದು ಕಾಳು ಸಿಗಬೇಕಾದರೆ ಈಜು ಬರಬೇಕು!"

"ಬೀಡಿ ಸೇದಿ ಸೇದಿ ನಿನ್ನ ನಾಲಿಗೆ ಸತ್ತಿದೆ ಕಣೋ. ನಾನು ದಿನಾ ಉಣ್ಣುತ್ತಿದ್ದೇನೆ."

"ಸತ್ತಿದ್ದರೆ ಸತ್ತಿರಲಿ. ಬೆಲ್ಲಕ್ಕಾದರೆ ಮೂಟೆಯ ತಳಕ್ಕೆ ಕೈ ಹಾಕುತ್ತೀರಿ. ಒಂದು ದಿನ ಹೊರಗಿನ ಬೆಂಚಿನ ಮೇಲೆ ನಮ್ಮ ಪಕ್ಕ ಕೂತು ಉಣ್ಣಿ, ನೋಡೋಣ."

ವ್ಯಾಪಾರಿಗೆ ಸಿಟ್ಟು ಬಂತು. ಇವನು ನನಗೆ ರುಚಿ ಕಲಿಸುತ್ತಾನೆಯೇ ಎಂದು ಅವನನ್ನು ಬೈದು ಕಳಿಸಿದ. ಮರುದಿನ ಮತ್ತೆ ಒಳಕೋಣೆಯಲ್ಲೇ ಉಂಡ. ಸಾರು ಎಂದಿನಂತೆ ಸೊಗಸಾಗಿತ್ತು. ಹಮಾಲಿ ಸುಳ್ಳುಗಾರ ಎಂಬುದು ಅವನಿಗೆ ಖಾತ್ರಿಯಾಯಿತು.

ಅತ್ತ ಹೊಂಗೆಮರದ ಕೆಳಗೆ ಸಾಲು ಕರಗಿತು. ಮೊದಲು ಸಂತೆಯವರು ಬಿಟ್ಟರು, ಆಮೇಲೆ ಗುಮಾಸ್ತರು. ಹಮಾಲಿಗಳು ಉಳಿದರು. ಆದರೆ ಅಷ್ಟೇ ಜನಕ್ಕೆ ಬಸ್ಸಾರು ಮಾಡಿದರೆ ಸೌದೆಯ ಖರ್ಚೂ ಹುಟ್ಟುವುದಿಲ್ಲ. ವ್ಯಾಪಾರ ತಿಳಿದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ದೊಡ್ಡ ಪಾತ್ರೆ ಬಿಟ್ಟು ಸಣ್ಣ ಪಾತ್ರೆ ಇಟ್ಟಳು. ವರ್ಷ ತುಂಬುವ ಹೊತ್ತಿಗೆ ಒಂದು ದಿನ ಒಲೆ ಹಚ್ಚಲಿಲ್ಲ.

ಆ ದಿನವೇ ವ್ಯಾಪಾರಿ ಒಳಕೋಣೆಯಲ್ಲಿ ಮೊದಲ ತುತ್ತಿಗೇ ಕೈ ನಿಲ್ಲಿಸಿದ. ಬಾಯಲ್ಲಿದ್ದದ್ದು ಉಪ್ಪು ಖಾರದ ನೀರು.

"ಇದೇನಯ್ಯ ಇದು? ಇದು ನನ್ನ ಸಾರಲ್ಲ."

"ಅಲ್ಲ ಸ್ವಾಮಿ. ಅದು ಗಿರಾಕಿಗಳ ಸಾರು. ನಿಮ್ಮದು ಇವತ್ತು ಸಿಗಲಿಲ್ಲ."

"ಸಿಗಲಿಲ್ಲ ಎಂದರೆ? ಮಾಡುವವನು ನೀನಲ್ಲವೇ?"

ಹೋಟೆಲಿನವನು ಕಣ್ಣು ಸಹ ತಗ್ಗಿಸಲಿಲ್ಲ. "ನನ್ನ ಕೈಲಿ ಅದು ಎಲ್ಲಿ ಆಗುತ್ತದೆ? ದಿನಾ ಬೆಳಿಗ್ಗೆ ಆ ಮರದ ಕೆಳಗಿನ ಮುದುಕಿಯ ಹತ್ತಿರ ಒಂದು ಪಾತ್ರೆ ತರಿಸುತ್ತಿದ್ದೆ. ಈಗ ಅವಳು ಅಂಗಡಿ ಎತ್ತಿಬಿಟ್ಟಳು. ನಾನೇನು ಮಾಡಲಿ?"

ವ್ಯಾಪಾರಿ ಎಲೆಯನ್ನು ತಳ್ಳಿ ಎದ್ದ. "ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ!"

"ಯಾವ ಸುಳ್ಳು ಸ್ವಾಮಿ? ಉಂಡಿರಿ, ಚೆನ್ನಾಗಿದೆ ಎಂದಿರಿ. ಚೆನ್ನಾಗಿರಲಿಲ್ಲವೇ? ಬೇರೆಯವರಿಗೆ ಏನು ಬಡಿಸುತ್ತೀಯ ಎಂದು ನೀವು ಒಂದು ದಿನವಾದರೂ ಕೇಳಿದಿರಾ? ಕೇಳಿದ್ದರೆ ಹೇಳುತ್ತಿದ್ದೆ."

ವ್ಯಾಪಾರಿ ಕೈ ತೊಳೆಯದೆ ಬಯಲು ದಾಟಿ ಓಡಿದ.

ಅಜ್ಜಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಮಗಳ ಊರಿಗೆ ಹೊರಟಿದ್ದಳು. ಅವನು ಏದುಸಿರು ಬಿಡುತ್ತಾ ಹೇಳಿದ, "ಅಜ್ಜಿ, ವರ್ಷವಿಡೀ ನಾನು ಹೊಗಳಿದ್ದು ನಿನ್ನ ಸಾರನ್ನೇ. ನನಗೆ ಗೊತ್ತಾಗಲಿಲ್ಲ. ಆ ಹೋಟೆಲಿನವನು ಮೋಸ ಮಾಡಿದ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಂಗಾದರೆ ಅದು ನಿನಗಾ ಹೋಗ್ತಿದ್ದದ್ದು? ಖಾಯಂ ಗಿರಾಕಿ ಅಂತ ಆ ಪಾತ್ರೆಗೆ ದಿನಾ ಒಂದು ಸೌಟು ಹೆಚ್ಚಿಗೆ ಹಾಕ್ತಿದ್ದೆ ಕಣಪ್ಪ. ಅದು ಸರಿ, ಇಷ್ಟು ಹತ್ತಿರ ಬಂದವನು ಹತ್ತು ಹೆಜ್ಜೆ ಮುಂದೆ ಬಂದು ಉಣ್ಣೋಕೆ ನಿನ್ನ ಕಾಲಿಗೇನಾಗಿತ್ತು?"

"ನಾಳೆ ಒಲೆ ಹಚ್ಚು. ಊರನ್ನೇ ಇಲ್ಲಿಗೆ ಕರೆತರುತ್ತೇನೆ."

ಅಜ್ಜಿ ಒಪ್ಪಿದಳು. ಅಂಗಡಿ ಬಿಟ್ಟು ಹೋಗುವ ಮನಸ್ಸು ಅವಳಿಗೂ ಇರಲಿಲ್ಲ. ಗೋಣಿ ಬಿಚ್ಚಿದಳು. ಮರುದಿನ ಕೈಯಲ್ಲಿದ್ದ ಕಾಳನ್ನೆಲ್ಲ ಹಾಕಿ ದೊಡ್ಡ ಪಾತ್ರೆಯಲ್ಲೇ ಸಾರಿಟ್ಟಳು.

ವ್ಯಾಪಾರಿ ಜಗಲಿಯ ಮೇಲೆ ನಿಂತು ಕೂಗಿ ಹೇಳಿದ. ಬಸ್ಸಾರು ಅಂದರೆ ಹೊಂಗೆಮರದ ಅಜ್ಜಿಯದು, ಬಯಲಂಚಿನದು ಬರೀ ನೀರು ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆಯವರೆಗೆ ಅಲ್ಲಿ ಉಂಡು ಹೊಗಳಿದವನು ಇವನೇ. ಇವತ್ತು ಉಗಿಯುವವನೂ ಇವನೇ. ಮಾತಿನ ಹಿಂದೆ ಏನಿದೆ ಎಂದು ಅವರು ಮೊದಲ ಸಲ ಯೋಚಿಸಿದರು. ಒಬ್ಬ ಗುಮಾಸ್ತ ಕೇಳಿಯೇಬಿಟ್ಟ: "ಹೋಟೆಲಿನವನು ಊಟ ನಿಲ್ಲಿಸಿದನಾ ಸ್ವಾಮಿ? ಈಗ ಅಜ್ಜಿಯ ಹತ್ತಿರ ಪುಕ್ಕಟೆ ಊಟ ಗೊತ್ತುಮಾಡಿಕೊಂಡಿರಾ?" ಇಡೀ ಜಗಲಿ ನಕ್ಕಿತು.

ಆ ಮಧ್ಯಾಹ್ನ ಮರದ ಕೆಳಗೆ ಹಮಾಲಿಗಳು ಬಂದರು, ವ್ಯಾಪಾರಿ ಬಂದ, ಬೇರೆ ಯಾರೂ ಬರಲಿಲ್ಲ. ಅವನು ಕಲ್ಲಿನ ಮೇಲೆ ಕೂತು ದುಡ್ಡು ಕೊಟ್ಟು ಉಂಡ. ಅಜ್ಜಿ ಸಂಜೆಯವರೆಗೆ ಕಾದು, ಆಮೇಲೆ ಉಳಿದ ಸಾರನ್ನು ಮರದ ಬುಡಕ್ಕೆ ಚೆಲ್ಲಿದಳು. ಬೆಳಗಿನ ಬಸ್ಸಿಗೆ ಮಗಳ ಊರಿಗೆ ಹೋದಳು.

ಹೋಟೆಲಿನವನಿಗೂ ಬಹಳ ದಿನ ನಡೆಯಲಿಲ್ಲ. ಅನುಮಾನ ಹುಟ್ಟಿದ ಮೇಲೆ ಜನ ತಮ್ಮ ನಾಲಿಗೆಯನ್ನೇ ನಂಬಿದರು. ಬೆಂಚುಗಳು ಖಾಲಿಯಾದವು. ಈಗ ಆ ಬಯಲಿನಲ್ಲಿ ಹೊತ್ತಿಗೆ ಸರಿಯಾಗಿ ಒಂದು ಮುದ್ದೆ ಬೇಕೆಂದರೂ ಸಿಗುವುದಿಲ್ಲ. ಹಮಾಲಿಗಳು ಬನ್ನು ತಿಂದು ಚಹಾ ಕುಡಿದು ಮೂಟೆ ಹೊರುತ್ತಾರೆ.

ಬಸೆಟ್ಟಪ್ಪನವರು ಕತೆ ನಿಲ್ಲಿಸಿದರು. ಅವರ ಮುಖ ಇನ್ನೂ ಕೆಂಪಗೇ ಇತ್ತು.

ಸಂಪಂಗಿಯ ಮನಸ್ಸು ಇನ್ನೂ ಸೋಲೊಪ್ಪಿರಲಿಲ್ಲ. ಮೆಲ್ಲಗೆ ಹೇಳಿದ:

"ಹೋಟೆಲಿನವನು ಪಾಪಿ, ಒಪ್ಪುತ್ತೇನೆ. ಆದರೆ ಆ ವ್ಯಾಪಾರಿ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ, ಗುರುಗಳೇ?"

"ಹೇಳಲಿಲ್ಲ, ಆ ಇಡೀ ವ್ಯಾಪಾರದಲ್ಲಿ ಅವನಿಗೆ ಗಿಟ್ಟಿದ ಲಾಭ ಅದೊಂದೇ."