ಬಿಳಿಹೊಯ್ಗೆಯ ಕೂಗುಗಲ್ಲು

ಬಿಳಿಹೊಯ್ಗೆಯಲ್ಲಿ ನದಿ ಕಡಲನ್ನು ಸೇರುವ ಅಳಿವೆಯ ದಂಡೆಯ ಮೇಲೆ ಒಂದು ಕರಿಯ ಬಂಡೆ ಇದೆ. ಮಲಗಿದ ಆನೆಯ ಹಾಗೆ ಕಾಣುತ್ತದೆ ಎಂದು ಹೊಸಬರು ಹೇಳುವುದುಂಟು. ಊರವರಿಗೆ ಅದರಲ್ಲಿ ಆನೆ ಕಂಡದ್ದಿಲ್ಲ, ಅವರು ಅದನ್ನು ಕೂಗುಗಲ್ಲು ಎನ್ನುತ್ತಾರೆ. ಬಂಡೆಯ ನೆತ್ತಿಯಲ್ಲಿ ಉಳಿಯಿಂದ ಕಡೆದ ಎರಡು ಕೂರುಗುಳಿಗಳಿವೆ, ಒಂದು ಅಗಲವಾದದ್ದು, ಪಕ್ಕದ್ದು ಚಿಕ್ಕದು. ಭಾನುವಾರ ಬಂತೆಂದರೆ ಹುಬ್ಬಳ್ಳಿಯ ಕಡೆಯಿಂದಲೂ ಗಾಳದ ಶೋಕಿಯವರು ಹೊಳೆಯುವ ಕೋಲು ಹಿಡಿದು ಬಂದು ಅಲ್ಲಿ ಕೂರುತ್ತಾರೆ. ಎದುರಿಗೆ, ನೀರು ಇಳಿದಾಗ ಮಾತ್ರ ತಲೆ ಎತ್ತುವ ನಡುದಿಬ್ಬದ ಸುತ್ತ, ಹೆಂಗಸರು ಬಾಗಿ ನಿಂತು ಕೆಸರಿನಿಂದ ಬಳಚು ಎಂಬ ಚಿಪ್ಪುಮೀನನ್ನು ಆರಿಸಿ ಬುಟ್ಟಿಗೆ ಹಾಕುತ್ತಿರುತ್ತಾರೆ. ಇವರು ನೀರು ಕದಡಿ ಮೀನು ಓಡಿಸುತ್ತಾರೆಂದು ಗಾಳದವರ ದೂರು. ಅವರ ದಾರ ಕಡಿದು ಬಿದ್ದ ಕೊಕ್ಕೆಗಳು ಕಾಲಿಗೆ ಚುಚ್ಚುತ್ತವೆಂದು ಹೆಂಗಸರ ದೂರು. ಈ ತಕರಾರಿಗೆ ಬಂಡೆಯ ಹೆಸರಿನಷ್ಟೇ ವಯಸ್ಸಾಗಿದೆ.

ಹಿಂದೆ ಒಮ್ಮೆ, ಘಟ್ಟದ ಬುಡದ ಕೋಟೆಯಲ್ಲಿ ಹಿರಿಯಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದಾಗ, ಈ ಬಂಡೆಯ ಮೇಲೆ ಕೂರುತ್ತಿದ್ದವಳು ಕುಪ್ಪಕ್ಕ ಎಂಬ ಅಂಬಿಗರ ಹೆಂಗಸು. ಸುಮ್ಮನೆ ಕೂರುವುದು ಅವಳ ಕೆಲಸವಾಗಿರಲಿಲ್ಲ. ಬಳಚು ಆರಿಸುವವಳ ಕಣ್ಣು ನೀರಿನೊಳಗೆ, ಕಾಲ್ಬೆರಳು ಕೆಸರಿನೊಳಗೆ, ಬೆನ್ನು ಕಡಲಿಗೆ. ನೀರು ತಿರುಗಿ ಏರತೊಡಗಿದ್ದು ಅವಳಿಗೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಕಷ್ಟವೆಂದರೆ, ಉಬ್ಬರದ ನೀರು ಮೊದಲು ನುಗ್ಗುವುದು ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗಿಗೆ. ದಿಬ್ಬದ ಮೇಲೆ ಮೊಣಕಾಲುದ್ದವಿರುವಾಗಲೇ ಹಿಂದಿನ ದಾರಿಯಲ್ಲಿ ಕುತ್ತಿಗೆಯವರೆಗೆ ಬಂದಿರುತ್ತದೆ. ಬಂಡೆಯ ಬುಡದಲ್ಲೊಂದು ಬಿರುಕಿದೆ. ನೀರು ಅದನ್ನು ಮುಟ್ಟಿತೆಂದರೆ ಕುಪ್ಪಕ್ಕ ಎದ್ದು ನಿಂತು, ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ‘ಕೂ’ ಎಂದು ಉದ್ದಕ್ಕೆ ಎಳೆದು ಕೊನೆಯಲ್ಲಿ ಮೇಲಕ್ಕೆತ್ತಿ ಕೂಗುತ್ತಿದ್ದಳು. ಆ ಕೂಗಿಗೆ ಹೆಂಗಸರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ದಂಡೆಗೆ ಬರುತ್ತಿದ್ದರು. ಬಂದವರು ತಲೆಗೊಂದು ಹಿಡಿ ಬಳಚು ಅವಳ ಬುಟ್ಟಿಗೆ ಹಾಕಿ ಹೋಗುವುದು ವಾಡಿಕೆ. ಉಪ್ಪುನೀರಿನ ಆ ಊರಿನಲ್ಲಿ ಭತ್ತ ಬೆಳೆಯುತ್ತಿರಲಿಲ್ಲ. ಬಳಚಿನ ಒಣಮಾಂಸ ಘಟ್ಟದ ಸಂತೆಗೆ, ಚಿಪ್ಪು ಸುಣ್ಣದ ಗೂಡಿಗೆ ಹೋಗಿ, ಅಲ್ಲಿಂದ ಅಕ್ಕಿ ಬಂದರೆ ಒಲೆ ಉರಿಯುತ್ತಿತ್ತು.

ಹೀಗಿರುವಾಗ ನಾಯಕನ ಹೆಂಡತಿ ತೀರಿಕೊಂಡಳು. ನಿದ್ದೆ, ಊಟ ಎರಡೂ ಬಿಟ್ಟ ಅವನಿಗೆ ವೈದ್ಯರು ನೀರಿನ ಪಕ್ಕದಲ್ಲಿ ಹೊತ್ತು ಕಳೆಯಲು ಹೇಳಿದರಂತೆ. ಅವನು ಅಳಿವೆಗೆ ಬಂದ, ಗಾಳ ಹಾಕಲು ಕಲಿತ, ಆ ಗೀಳು ಹತ್ತಿತು. ನೀರು ಆಳವಾಗಿರುವುದು ಬಂಡೆಯ ಬದಿಗೇ ಆದ್ದರಿಂದ ಅಲ್ಲೇ ತನಗೊಂದು ಪೀಠ ಕಡೆಸಿಕೊಂಡ. ಕುಪ್ಪಕ್ಕ ಕೆಳಗಿನ ಪುಟ್ಟ ಕಲ್ಲಿಗೆ ಇಳಿಯಬೇಕಾಯಿತು. ನಾಯಕ ಮೀನು ತಿನ್ನುವ ಕುಲದವನಲ್ಲ. ಹಿಡಿದ ಮೀನನ್ನು ಅಂಗೈಯಲ್ಲಿ ಒಂದು ಗಳಿಗೆ ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದ. ಇದನ್ನು ಕಂಡು ಊರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. “ತಿಂಬುದಿಲ್ಲ, ಮಾರುದಿಲ್ಲ. ಆ ಮೀನಿಗೂ ಬೇಜಾರು, ಇವ್ರಿಗೂ ಬೇಜಾರು” ಎಂದು ಕುಪ್ಪಕ್ಕನೂ ಹೇಳಿದ್ದುಂಟು. ಆದರೆ ಗಾಳ ಹಾಕಿ ಕೂತಾಗ ಅವನ ಮುಖ ಸ್ವಲ್ಪ ಸಡಿಲಾಗುವುದನ್ನು ಅವಳು ನೋಡಿದ್ದಳು. ಗಂಡ ಸತ್ತ ವರ್ಷ ತಾನೂ ಇದೇ ನೀರನ್ನು ನೋಡುತ್ತ ಕೂತಿದ್ದವಳು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ನಾಯಕನಿಗೆ. ಒಂದು ದಿನ ತೋಳುದ್ದದ ಮೀನೊಂದು ಗಾಳದ ಸುತ್ತ ಸುಳಿಯುತ್ತಿರುವಾಗ ಕುಪ್ಪಕ್ಕ ಕೂಗಿದಳು, ಮೀನು ಸರಕ್ಕನೆ ತಿರುಗಿ ಹೋಯಿತು. ನಾಳೆಯಿಂದ ದಿಬ್ಬಕ್ಕೆ ಯಾರೂ ಇಳಿಯಕೂಡದೆಂದು ಅಪ್ಪಣೆಯಾಯಿತು. ಊರಿಗೆ ಊರೇ ದಿಗಿಲುಬಿದ್ದಿತು. ಕೇಳಿಕೊಳ್ಳಲು ಕುಪ್ಪಕ್ಕನನ್ನೇ ಮುಂದೆ ಮಾಡಿದರು.

“ಒಡಿಯಾ, ನಾ ಕೂಗುದು ಮೀನ್ ಓಡ್ಸುಕಲ್ಲ. ನೀರ್ ತಿರುಗ್ತು ಅಂತ ಹೇಳುಕೆ” ಎಂದಳು ಅವಳು. “ದಿಬ್ಬ ಮುಚ್ಚಿದ್ರೆ ನಮ್ಮ ಮಕ್ಕಳು ಎಂತ ತಿನ್ಬೇಕು?”

ನಾಯಕ ಕೆಟ್ಟವನಲ್ಲ, ದಣಿದವನು. “ಬಳಚು ಆರಿಸಿಕೊಳ್ಳಿ. ಸದ್ದು ಮಾತ್ರ ಬೇಡ. ನನಗೆ ಸದ್ದು ತಡೆಯಲಾಗುವುದಿಲ್ಲ. ಒಂದು ಕೂಗು ಕೇಳಿದರೂ ದಿಬ್ಬ ಮುಚ್ಚಿಸುತ್ತೇನೆ” ಎಂದ.

ಕೂಗುವ ಬದಲು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬೀಸುತ್ತೇನೆಂದು ಕುಪ್ಪಕ್ಕ ಒಪ್ಪಿಕೊಂಡಳು. ಊರವರು ಅವಳ ಜಾಣತನವನ್ನು ಹೊಗಳಿದರು. ಮನೆಗೆ ಬಂದು ಗಂಜಿ ಬಡಿಸಿಕೊಳ್ಳುವಾಗ ಅವಳಿಗೆ ಹೊಳೆಯಿತು: ಬಾಗಿದವರು ಬಟ್ಟೆ ನೋಡುವುದು ಹೇಗೆ? ಕೊನೆಗೆ ತನ್ನ ಮಗಳು ದುಗ್ಗಿಗೇ ಆ ಕೆಲಸ ಒಪ್ಪಿಸಿದಳು: ಆಗಾಗ ತಲೆ ಎತ್ತಿ ಬಂಡೆಯ ಕಡೆ ನೋಡುವುದು, ಬಟ್ಟೆ ಕಂಡ ಕೂಡಲೇ ಪಕ್ಕದವಳನ್ನು ಮುಟ್ಟುವುದು, ಅವಳು ಮುಂದಿನವಳನ್ನು ಮುಟ್ಟುವುದು. ಬಳಚಿನ ಸುಗ್ಗಿಯ ಕಾಲವೆಲ್ಲ ಹಾಗೇ ನಡೆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಕುಪ್ಪಕ್ಕನ ಎದೆ ಒಂದು ದಿನವೂ ತಣ್ಣಗಾಗಲಿಲ್ಲ. ದುಗ್ಗಿ ತಲೆ ಎತ್ತುವುದು ಒಂದಿಷ್ಟು ತಡವಾದರೂ ಅವಳು ಕಲ್ಲಿನಿಂದ ಒಂದು ಕಾಲನ್ನು ನೀರಿಗೆ ಇಳಿಸುತ್ತಿದ್ದಳು. ಬಂದ ಕೂಗನ್ನು ನುಂಗಿ ನುಂಗಿ, ಕೊನೆಗೆ ಮನೆಯಲ್ಲೂ ಪಿಸುಮಾತಿನಲ್ಲೇ ಮಾತಾಡುವುದು ಅವಳಿಗೆ ಅಭ್ಯಾಸವಾಯಿತು. ಒಪ್ಪಿಕೊಂಡು ಬಂದವಳು ತಾನೇ ಎಂಬ ಮಾತು ಅವಳನ್ನು ಒಳಗೇ ತಿನ್ನುತ್ತಿತ್ತು.

ಆಮೇಲೆ ಒಂದು ಅಮಾವಾಸ್ಯೆಯ ಬೆಳಿಗ್ಗೆ ಬಂತು. ಅಮಾವಾಸ್ಯೆಗೆ ನೀರು ದೂರ ಇಳಿಯುತ್ತದೆ, ಹಾಗೆಯೇ ಜೋರಾಗಿ ಏರುತ್ತದೆ. ಬಳಚು ದಂಡಿಯಾಗಿತ್ತು, ಹೆಂಗಸರು ದಿಬ್ಬದ ಆಚೆಯ ಅಂಚಿನವರೆಗೂ ಹೋಗಿದ್ದರು. ಆಗ ನದಿಯ ಮೇಲಿನಿಂದ ಮಂಜು ಇಳಿದು ಬಂದು ಮೊದಲು ಎದುರು ದಂಡೆಯನ್ನು, ಆಮೇಲೆ ದಿಬ್ಬವನ್ನು ಮುಚ್ಚಿತು. ಕುಪ್ಪಕ್ಕ ಬಟ್ಟೆ ಬೀಸಿದಳು. ತನ್ನ ಕೋಲಿನ ತುದಿ ತನಗೇ ಮಸುಕಾಗಿ ಕಾಣುತ್ತಿತ್ತು. ಬಂಡೆಯ ಬುಡದ ಬಿರುಕನ್ನು ನೀರು ಮುಟ್ಟಿತು, ಬಿರುಕಿನೊಳಗೆ ಹೊಕ್ಕಿತು. ಕೂಗಿದರೆ ದಿಬ್ಬ ಹೋಗುತ್ತದೆ, ಊರಿಗೆ ಅಕ್ಕಿ ಇಲ್ಲ. ಕೂಗದಿದ್ದರೆ? ಮಂಜು ಈಗ ಸರಿದೀತು, ಇನ್ನೊಂದು ಗಳಿಗೆ ನೋಡೋಣ ಎಂದು ಅವಳು ನಿಂತಳು. ಆ ಒಂದು ಗಳಿಗೆಯಲ್ಲಿ ಬಿರುಕು ಕಾಣದಾಯಿತು.

ಅವಳು ಕೋಲು ಎಸೆದು ಕೂಗಿದಳು. ತಿಂಗಳುಗಟ್ಟಲೆ ಕೂಗದ ಗಂಟಲಿನಿಂದ ಬಂದದ್ದು ಒಡಕು ಗೊರಗೊರ ಸದ್ದು. ಅದು ಬಂಡೆಯಾಚೆ ದಾಟಲಿಲ್ಲ. ಮೇಲೆ ಕೂತಿದ್ದ ನಾಯಕ ಸಿಟ್ಟಿನಿಂದ ತಿರುಗಿದವನು, ಅವಳ ಮುಖ ನೋಡಿದ, ನೀರು ನೋಡಿದ, ಅವನಿಗೆ ಎಲ್ಲವೂ ಅರ್ಥವಾಯಿತು. ಗಾಳ ಕೈಬಿಟ್ಟು ಎದ್ದು, ದಂಡು ನಡೆಸಿದ ದನಿಯಲ್ಲಿ, “ಬನ್ನಿ, ಮೇಲೆ ಬನ್ನಿ” ಎಂದು ಅಬ್ಬರಿಸಿದ.

ಮಂಜಿನೊಳಗೆ ಹೆಂಗಸರಿಗೆ ಮಾತು ತಿಳಿಯಲಿಲ್ಲ, ನಾಯಕನ ಅಬ್ಬರ ಮಾತ್ರ ಕೇಳಿತು. ತಮ್ಮಲ್ಲೇ ಯಾರೋ ಸದ್ದು ಮಾಡಿರಬೇಕು, ಒಡೆಯರು ಸಿಟ್ಟಾಗಿದ್ದಾರೆ ಎಂದುಕೊಂಡು ಅವರು ಬುಟ್ಟಿಯನ್ನೂ ಅಲುಗಿಸದೆ ನಿಂತಲ್ಲೇ ನಿಂತುಬಿಟ್ಟರು. ನಾಯಕ ಕೂಗಿದಷ್ಟೂ ಅತ್ತ ಇನ್ನಷ್ಟು ಮೌನ. ಆ ಮೌನದ ಅರ್ಥ ಕುಪ್ಪಕ್ಕನಿಗೆ ಒಬ್ಬಳಿಗೇ ತಿಳಿಯಿತು. ಅವಳು ಬಂಡೆ ಹತ್ತಿ ಪಾಳೆಯಗಾರನ ತೋಳು ಹಿಡಿದಳು.

“ಒಡಿಯಾ, ನೀವು ಸುಮ್ನಿರಿ. ನೀವು ಕೂಗಿದ್ರೆ ಅವ್ರು ಹೆದ್ರಿ ಅಲ್ಲೇ ನಿಲ್ತ್ರು.”

ನಾಯಕ ಬಾಯಿ ಮುಚ್ಚಿದ. ಅವಳು ಬಗ್ಗಿ, ಅವನ ಪಕ್ಕದಲ್ಲಿದ್ದ ಚೊಂಬಿನಿಂದಲೇ ಒಂದು ಗುಟುಕು ನೀರು ಕುಡಿದು, ಅವನ ಪೀಠದ ಮೇಲೆ ನಿಂತು, ಉಸಿರು ತುಂಬಿಕೊಂಡು ಮತ್ತೆ ಕೂಗಿದಳು. ಗಂಟಲು ಹರಿದಂತಾಯಿತು. ಮತ್ತೆ ಕೂಗಿದಳು. ಮೂರನೆಯ ಸಲ ಹಳೆಯ ‘ಕೂ’ ಹೊರಗೆ ಬಂದು ನೀರಿನ ಮೇಲೆ ಹೋಯಿತು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ; ಮಂಜಿನಲ್ಲಿ ದಂಡೆ ಯಾವ ಕಡೆ ಎಂದು ಅವರಿಗೆ ತಿಳಿಯಲು ಆ ದನಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಬ್ಬೊಬ್ಬರಾಗಿ ತಲೆಗಳು ಕಂಡವು, ಎದೆಯುದ್ದದ ನೀರಿನಲ್ಲಿ, ಬುಟ್ಟಿಗಳಿಲ್ಲದೆ, ಒಬ್ಬರ ಸೆರಗನ್ನು ಒಬ್ಬರು ಹಿಡಿದುಕೊಂಡು. ನಾಯಕ ನೀರಿಗಿಳಿದು ಕೈಕೊಟ್ಟು ಎಳೆದುಕೊಂಡ. ಹೆಚ್ಚುಕಡಿಮೆ ಎಲ್ಲರೂ ಬಂದರು, ದುಗ್ಗಿ ಬರಲಿಲ್ಲ. ಕುಪ್ಪಕ್ಕ ಕೂಗುತ್ತಲೇ ಇದ್ದಳು. ದನಿ ಸಣ್ಣದಾಗುತ್ತ, ಸೀಳುತ್ತ, ಬರೀ ಗಾಳಿಯಾಗುವ ಹೊತ್ತಿಗೆ, ಗದ್ದದವರೆಗಿನ ನೀರಿನಲ್ಲಿ, ಮುದುಕಿಯೊಬ್ಬಳನ್ನು ಹೆಗಲಿಗೆ ಹಾಕಿಕೊಂಡು ದುಗ್ಗಿ ಬಂದಳು.

ತಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳಲು ಹೋದಳು. ತುಟಿ ಅಲುಗಿತು, ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಆ ದನಿ ಮತ್ತೆಂದೂ ಮರಳಲಿಲ್ಲ ಎನ್ನುತ್ತಾರೆ.

ದಿಬ್ಬ ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾಯಕ ತನ್ನ ಪೀಠದ ಪಕ್ಕದಲ್ಲಿ ಇನ್ನೊಂದು ಕೂರುಗುಳಿ ಕಡೆಸಿ ಕುಪ್ಪಕ್ಕನನ್ನು ಕೂರಿಸಿದ. ಗಾಳ ಹಾಕುವುದನ್ನು ಅವನು ಬಿಡಲಿಲ್ಲ, ಗೀಳು ಅಷ್ಟು ಸುಲಭದಲ್ಲಿ ಹೋಗುವುದಿಲ್ಲ. ನೀರು ಬಿರುಕು ಮುಟ್ಟಿದಾಗ ಅವಳು ಅವನ ಭುಜ ತಟ್ಟುತ್ತಿದ್ದಳು. ಅವನು ಕೋಲು ಕೆಳಗಿಟ್ಟು, ಎದ್ದು ನಿಂತು, ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗುತ್ತಿದ್ದ. ಮೊದಮೊದಲು ಆ ಗಂಡು ದನಿಗೆ ಹೆಂಗಸರು ಬೆಚ್ಚಿ ನಿಂತುಬಿಡುತ್ತಿದ್ದರು. ದನಿಯನ್ನು ಕೊನೆಯಲ್ಲಿ ಎಲ್ಲಿ ಮೇಲಕ್ಕೆತ್ತಬೇಕೆಂದು ಕುಪ್ಪಕ್ಕ ಕೈಯೆತ್ತಿ ತೋರಿಸಿ ತೋರಿಸಿ ಕಲಿಸಿದಳು. ಸದ್ದು ತಡೆಯಲಾರದ ಮನುಷ್ಯ ಸಾಯುವವರೆಗೂ ಆ ಬಂಡೆಯ ಮೇಲೆ ನಿಂತು ಕೂಗಿದನಂತೆ.

ಅಂದಿನಿಂದ ಗಾಳ ಹಿಡಿದು ಅಗಲವಾದ ಕುಳಿಯಲ್ಲಿ ಕೂತವನು ನೀರು ತಿರುಗಿದಾಗ ಕೂಗಲೇಬೇಕೆಂಬುದು ಊರ ಕಟ್ಟಳೆ. ಚಿಕ್ಕ ಕುಳಿಯಲ್ಲಿ ಈಗಲೂ ಊರ ಒಬ್ಬ ಅಜ್ಜಿ ಇರುತ್ತಾಳೆ. ಉಬ್ಬರದ ವೇಳೆ ತೋರಿಸುವ ಮೊಬೈಲು ಎಲ್ಲರ ಮನೆಯಲ್ಲಿದೆ, ಆದರೆ ಬಳಚಿಗೆ ಬಾಗಿದವರು ಅದನ್ನು ನೋಡುವುದು ಹೇಗೆ? ಭಾನುವಾರ ಅಲ್ಲಿಗೆ ಹೋದವರು ಇದನ್ನು ನೋಡಬಹುದು. ಅಜ್ಜಿ ಪಕ್ಕದವನ ಭುಜ ತಟ್ಟುತ್ತಾಳೆ. ಬೆಲೆಬಾಳುವ ಕೋಲಿನ ಆ ಪೇಟೆಯ ಮನುಷ್ಯ ಸುತ್ತಮುತ್ತ ನಾಚಿಕೆಯಿಂದ ನೋಡಿ, ಎದ್ದು ನಿಂತು, ಅಜ್ಜಿ ಕೈ ಮೇಲೆತ್ತಿದ ಕಡೆ ದನಿಯನ್ನೂ ಎತ್ತಿ ಕೂಗುತ್ತಾನೆ. ನಡುದಿಬ್ಬದಲ್ಲಿ ಬಾಗಿದ ಬೆನ್ನುಗಳು ಒಂದೊಂದಾಗಿ ನೆಟ್ಟಗಾಗುತ್ತವೆ. ಕೊನೆಯ ಹೆಂಗಸು ದಂಡೆ ಹತ್ತುವವರೆಗೆ ಅವನು ಕೂರುವಂತಿಲ್ಲ.