ತಿರುಗುವ ಹರಿಗೋಲು

"ಗುರುಗಳೇ, ಅಂಗಳದ ಆ ಮರಳಿನ ರಾಶಿಯನ್ನು ಎತ್ತಿಸಿಬಿಡಲೇ?" ಎಂದು ಶಿಷ್ಯ ಕೇಳಿದ. ಮಠದಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವನದು. "ನಾಲ್ಕೈದು ವರ್ಷದವು. ಬೆಳಗಾದರೆ ಅದರಲ್ಲೇ ಬಿದ್ದಿರುತ್ತವೆ. ಆಟದಲ್ಲೇ ಹೊತ್ತು ಹಾಳು."

ಕೂತುಕೋ ಎಂದು ಗುರುಗಳು ಕತೆ ಹೇಳಿದರು.

ಹೊಳೆ ದಾಟಿಸುವ ಒಬ್ಬ ಅಂಬಿಗನಿದ್ದ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ಹರಿಗೋಲು ಅವನದು. ಹರಿಗೋಲಿನ ಗುಣವೇ ಗಿರಗಿರ ತಿರುಗುವುದು. ಅದನ್ನು ತಿರುಗಗೊಡದೆ ನೆಟ್ಟಗೆ ಆಚೆ ದಡ ಮುಟ್ಟಿಸುವುದೇ ಅಂಬಿಗನ ಕಸುಬು. ಅವನಿಗೆ ಒಬ್ಬಳೇ ಮಗಳು. ತನ್ನ ಕೈ ಸೋತ ಮೇಲೆ ಹೊಳೆ ದಾಟಿಸುವ ಆ ಕಡವು ಅವಳದಾಗಬೇಕು, ಅವಳನ್ನು ನಂಬಿ ಜನ ಹೊಳೆಗಿಳಿಯಬೇಕು. ಅದೊಂದೇ ಅವನ ಆಸೆ.

ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ ಒಂದು ಹಳೆಯ ಹರಿಗೋಲು ಬಿದ್ದಿತ್ತು. ಪುಟ್ಟ ಮಗಳು ಓರಗೆಯ ಮಕ್ಕಳನ್ನು ಕಟ್ಟಿಕೊಂಡು ಅದನ್ನು ಹತ್ತಿ, ತಲೆ ಸುತ್ತಿ ಬೀಳುವವರೆಗೂ ತಿರುಗಿಸುತ್ತಿದ್ದಳು. ಅಂಬಿಗನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ತಿರುಗದ ಹಾಗೆ ನೋಡಿಕೊಂಡು ನಾನು ಅನ್ನ ತಿಂತೀನಿ. ನೀನು ತಿರುಗಿಸೋದನ್ನೇ ಕಲೀತೀಯಲ್ಲೇ, ತಾಯಿ" ಎಂದ. ಹಳೆಯ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ. ಅವಳ ಕೈಗೊಂದು ಪುಟ್ಟ ಹುಟ್ಟು ಕೊಟ್ಟು ತನ್ನ ಪಕ್ಕ ಕೂರಿಸಿಕೊಂಡ.

ಹುಡುಗಿ ಜಾಣೆ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಕಲಿತಳು. ದೊಡ್ಡವಳಾಗುವ ಹೊತ್ತಿಗೆ ಅವಳ ಹರಿಗೋಲು ಗೆರೆ ಎಳೆದಂತೆ ಹೋಗುತ್ತಿತ್ತು. "ನಿಮ್ಮಪ್ಪನ ಹರಿಗೋಲಲ್ಲಿ ನನ್ನ ಮಜ್ಜಿಗೆ ಇನ್ನೊಂದು ಸಲ ಕಡೆದುಕೊಳ್ತಿತ್ತು. ನಿನ್ನದರಲ್ಲಿ ಗಡಿಗೆ ಅಲುಗೋದೇ ಇಲ್ಲ ಕಣವ್ವ" ಎಂದು ಮಜ್ಜಿಗೆ ಮಾರುವವಳು ನಗುತ್ತಿದ್ದಳು. ಅಂಬಿಗ ಹಿಗ್ಗಿಹೋದ.

ಹೊಸ ನೀರು ಬಂದ ಒಂದು ದಿನ ನಡುಹೊಳೆಯಲ್ಲಿ ಸುಳಿ ಸಿಕ್ಕಿತು. ಒಳಗೆ ಜನ ತುಂಬಿದ್ದರು. ಹರಿಗೋಲು ತಿರುಗತೊಡಗಿತು. ಮಗಳು ಹಲ್ಲು ಕಚ್ಚಿ ಅದಕ್ಕೆ ಎದುರಾಗಿ ಹುಟ್ಟು ಹಾಕಿದಳು. ಹಾಕಿದಷ್ಟೂ ಅದು ವಾಲಿತು, ನೀರು ಒಳಗೆ ನುಗ್ಗಿತು. ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿ, "ಇದನ್ನು ನೀನು ಹೇಳಿಕೊಟ್ಟಿಲ್ಲ" ಎಂದಳು.

ಅಂಬಿಗ ಹುಟ್ಟು ಕಿತ್ತುಕೊಂಡ. ಎದುರು ಹಾಕಲಿಲ್ಲ. ತಿರುಗುವಷ್ಟು ತಿರುಗಲೆಂದು ಬಿಟ್ಟ, ಮೈಯನ್ನೂ ಅದರ ಜೊತೆಗೇ ವಾಲಿಸಿದ, ಸುಳಿಯ ಅಂಚು ಬಂದಾಗ ಒಂದು ಸಲ ಬಲವಾಗಿ ಎಳೆದ. ಹರಿಗೋಲು ಆಚೆಗೆ ಬಂತು.

ದಡ ಸೇರಿದ ಮೇಲೆ ಮಗಳು, "ನಿನಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದಳು.

ಅಂಬಿಗನಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ನೆನಪಾದದ್ದು ಮೊಣಕಾಲುದ್ದ ನೀರು, ಅವನಪ್ಪ ಬಿಸಾಡಿದ್ದ ಒಂದು ತೂತು ಹರಿಗೋಲು, ಅದರಲ್ಲಿ ತಿರುಗಿ ತಿರುಗಿ, ಕುಡಿದ ಗಂಜಿಯನ್ನೆಲ್ಲ ಕಕ್ಕಿದ ತಾನು.

ಅಂದು ಬೋರಲು ಹಾಕಿದ್ದ ಹಳೆಯ ಹರಿಗೋಲು ಎಂದೋ ಗೆದ್ದಲ ಪಾಲಾಗಿತ್ತು. ಮರುದಿನ ಅವನು ತನ್ನ ಹರಿಗೋಲನ್ನೇ ತಂದು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, "ಹತ್ತವ್ವ, ಒಂದಿಷ್ಟು ಆಡು" ಎಂದ. ಮಗಳು ಹತ್ತಿದಳು. ಹುಟ್ಟು ಹಿಡಿದು ನೆಟ್ಟಗೆ ಕೂತಳು.

"ಹೇಗೆ ಆಡಬೇಕು, ಹೇಳಿಕೊಡಪ್ಪ" ಎಂದಳು.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಶಿಷ್ಯ, "ಮರಳನ್ನು ಈಗ ಎತ್ತಿಸಿದರೂ ಬೇಕಾದಾಗ ಮತ್ತೆ ತಂದು ಸುರಿಸಬಹುದಲ್ಲ, ಗುರುಗಳೇ?" ಎಂದ.

"ಮರಳನ್ನು ಸುರಿಸಬಹುದಪ್ಪ, ನಾಲ್ಕು ವರ್ಷದ ವಯಸ್ಸನ್ನು ಎಲ್ಲಿಂದ ತಂದು ಸುರಿಸುತ್ತೀ?"