ಸೇವಂತಿಗೆಗೆ ಹೆಸರು ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿತ್ತು, ಮಗಾ. ಆಗ ಗಾಳಿಗೂ ಮಾತಿತ್ತು, ಹೂವಿಗೂ ಮಾತಿತ್ತು. ಹೆಸರು ಮಾತ್ರ ಎಲ್ಲಕ್ಕೂ ಇರಲಿಲ್ಲ.

ಸೇವಂತಿ ಅಂತ ಒಬ್ಬಳಿದ್ದಳು. ಹೂ ಕಟ್ಟುವವಳು. ಹೊಸ ಹೂ ಕಂಡರೆ ಒಂದು ಮಾರು ಕಟ್ಟಿ ನೋಡುತ್ತಿದ್ದಳು. ಆಮೇಲೆ ಹೆಸರಿಡುತ್ತಿದ್ದಳು. ಮಲ್ಲಿಗೆ ಅಂದಳು, ಮಲ್ಲಿಗೆ ಆಯಿತು. ಕನಕಾಂಬರ ಅಂದಳು, ಕನಕಾಂಬರ ಆಯಿತು. ಹೆಸರಿಲ್ಲದ ಗಿಡವನ್ನು ಜನ ಕಳೆ ಅಂತ ಕಿತ್ತೆಸೆಯುತ್ತಿದ್ದರು.

ಚಳಿ ಬಂತು. ಚಳಿಯಲ್ಲಿ ಒಂದು ಹಳದಿ ಹೂ ಬಂತು. ಸೇವಂತಿ ಅದನ್ನೂ ಮಾಲೆಗೆ ಸೇರಿಸಿದಳು. ಮಾಲೆ ಮುಗಿಯಲಿಲ್ಲ. ಅವಳು ತೀರಿಕೊಂಡಳು.

ಗಂಡ ದ್ಯಾವಣ್ಣ ಆ ಅರ್ಧ ಮಾಲೆಯನ್ನೇ ಸಮಾಧಿ ಮೇಲೆ ಹಾಕಿದ. ಯಾವ ಹೂ ಅಂತ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಮೂರನೇ ದಿನ ಹಾಲುತುಪ್ಪ ಬಿಡಲು ಬಂದ. ಮಲ್ಲಿಗೆ ಕಂದಿತ್ತು. ಕನಕಾಂಬರ ಬಾಡಿತ್ತು. ಹಳದಿ ಹೂ ಮಾತ್ರ ಆಗತಾನೇ ಕಿತ್ತ ಹಾಗಿತ್ತು.

"ಇದನ್ನ ಇವತ್ತು ಯಾರು ತಂದಿಟ್ಟರು?"

"ನಾನಲ್ಲ, ದ್ಯಾವಣ್ಣ," ಅಂತು ಗಾಳಿ.

"ನನ್ನ ಯಾಕಪ್ಪ ಹಂಗೆ ನೋಡ್ತೀಯ?" ಅಂತು ಕಾಗೆ. "ನಾನು ಅನ್ನ ಕದಿಯೋನು. ಹೂ ತಂದು ಇಡೋನಲ್ಲ."

"ನೀನೇ ಹಾಕಿದ್ದು," ಅಂತು ಹೂ. "ಮೊದಲ ದಿನದಿಂದ ಇಲ್ಲೇ ಇದೀನಿ. ಅವಳು ನನಗೆ ಹೆಸರಿಡಬೇಕಿತ್ತು. ನೀನಾದರೂ ಇಡು. ಇಲ್ಲದಿದ್ದರೆ ನನ್ನ ಗಿಡ ಕೀಳ್ತಾರೆ."

"ಸುಳ್ಳು. ಮೂರು ದಿನ ಬಾಡದ ಹೂ ಎಲ್ಲಿದೆ?"

ಮೂಸಿ ನೋಡಿದ. ಘಾಟು. ಅನುಮಾನ ಇನ್ನೂ ಹೆಚ್ಚಿತು.

"ಕೂತು ನೋಡು," ಅಂತು ಹೂ.

ಕೂತ. ಒಂದು ದಿನ ಕೂತ. ಕಾಗೆಯನ್ನು ಹತ್ತಿರ ಬಿಡಲಿಲ್ಲ. ಎರಡು ದಿನ ಕೂತ. ಗಾಳಿಗೆ ಬೆನ್ನು ಕೊಡಲಿಲ್ಲ. ಮೂರು ದಿನ ಕೂತ. ಹೂವೂ ಅವನನ್ನೇ ನೋಡಿತು. ಈ ಮನುಷ್ಯ ಯಾವಾಗ ಎಸೀತಾನೋ ಅಂತ ನಡುವಿನ ಎಸಳುಗಳನ್ನು ಒಳಕ್ಕೆ ಮಡಚಿಕೊಂಡಿತು. ಬಾಡಲಿಲ್ಲ.

ನಾಲ್ಕನೇ ಬೆಳಗ್ಗೆ ದ್ಯಾವಣ್ಣ ಅಂದ, "ಎಲ್ಲರೂ ಎದ್ದು ಹೋದರು. ನೀನೊಬ್ಬಳು ಅವಳ ಹತ್ತಿರ ಉಳಿದೆ."

"ಹಾಗಾದರೆ ಹೆಸರು?"

"ನನಗೆ ಹೆಸರಿಡೋಕೆ ಬರಲ್ಲ, ತಾಯಿ. ನನ್ನ ಬಾಯಲ್ಲಿರೋದು ಒಂದೇ ಹೆಸರು. ಅದನ್ನೇ ತಗೋ."

"ಸೇವಂತೀ," ಅಂತ ಕೂಗಿದ.

ಆರು ದಿನದಿಂದ ಕೂಗುತ್ತಲೇ ಇದ್ದ. ಯಾರೂ ಓಗೊಟ್ಟಿರಲಿಲ್ಲ.

ಹೂ "ಓ" ಅಂತು.

ಜನರ ಬಾಯಲ್ಲಿ ಅದು ಸೇವಂತಿಗೆ ಆಯಿತು. ಇವತ್ತಿಗೂ ನೋಡು ಮಗಾ, ಮಲ್ಲಿಗೆ ಬಾಡಿದರೂ ಸೇವಂತಿಗೆ ಬಾಡಲ್ಲ, ನಡುವಿನ ಎಸಳುಗಳನ್ನ ಮಾತ್ರ ಪೂರ್ತಿ ಬಿಚ್ಚಲ್ಲ. ನಾವು ಎಸೆಯೋಕೆ ಬಂದೆವೋ, ಕೂಗೋಕೆ ಬಂದೆವೋ ಅಂತ ಅದಕ್ಕಿನ್ನೂ ಅನುಮಾನ.